ಸೋಲನ್ನು ಮರೆಮಾಚದ ನಾಯಕ ಮೇಜರ್ ಧ್ಯಾನ್‌ಚಂದ್

೧೯೩೬ನೆಯ ಇಸವಿಯ ಬರ್ಲಿನ್ ಒಲಿಂಪಿಕ್ ಕ್ರೀಡಾಕೂಟದ ಹಾಕಿ ಪಂದ್ಯಗಳ ಪಟ್ಟಿಯನ್ನು ತೆರೆದು ನೋಡಿದರೆ ಭಾರತದ ಹೆಸರಿನ ಮುಂದೆ ಐದು ಗೆಲುವುಗಳು ಕಾಣುತ್ತವೆ. ಹಂಗೇರಿಯ ಮೇಲೆ ೪-೦, ಅಮೆರಿಕದ ಮೇಲೆ ೭-೦, ಜಪಾನಿನ ಮೇಲೆ ೯-೦, ಫ್ರಾನ್ಸಿನ ಮೇಲೆ ೧೦-೦, ಅಂತಿಮ ಪಂದ್ಯದಲ್ಲಿ ಜರ್ಮನಿಯ ಮೇಲೆ ೮-೧. ಒಟ್ಟು ಹೊಡೆದ ಗೋಲುಗಳು ೩೮. ಬಿಟ್ಟುಕೊಟ್ಟದ್ದು ಒಂದೇ ಒಂದು. ನಮ್ಮ ಹಿರಿಯರಲ್ಲಿ ಅನೇಕರಿಗೆ ಆ ೮-೧ ಎಂಬ ಅಂಕಿ ಬಾಯಿಪಾಠವಾಗಿತ್ತು. ಆದರೆ ಆ ಪಟ್ಟಿಯಲ್ಲಿ ಸೇರದ ಇನ್ನೊಂದು ಪಂದ್ಯವಿದೆ. ಅದೇ ವರ್ಷದ ಜುಲೈ ೧೭ರಂದು, ಕ್ರೀಡಾಕೂಟ ಆರಂಭವಾಗುವ ಮುನ್ನ, ಅದೇ ಬರ್ಲಿನ್ನಿನಲ್ಲಿ ಜರ್ಮನಿಯೊಡನೆ ಭಾರತ ಒಂದು ಅಭ್ಯಾಸ ಪಂದ್ಯವನ್ನಾಡಿತು. ಅಂದು ಜರ್ಮನಿ ನಾಲ್ಕು ಗೋಲು ಹೊಡೆಯಿತು, ಭಾರತ ಒಂದು.

ಎರಡು ಒಲಿಂಪಿಕ್‌ಗಳಲ್ಲಿ ಒಂದು ಪಂದ್ಯವನ್ನೂ ಸೋಲದೆ ಚಿನ್ನದ ಪದಕ ಪಡೆದು ಬಂದಿದ್ದ ದೇಶಕ್ಕೆ ಇದು ಕೇಳರಿಯದ ಆಘಾತವಾಗಿತ್ತು. ಈ ಸೋಲಿನ ಸಂಗತಿ ಇಂದಿಗೂ ನಮಗೆ ತಿಳಿದಿರುವುದಕ್ಕೆ ಮುಖ್ಯ ಕಾರಣ, ಅಂದು ಸೋತ ತಂಡದ ನಾಯಕರೇ ಮುಂದೆ ತಮ್ಮ ಆತ್ಮಕಥೆಯಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟದ್ದು. ಆ ನಾಯಕರೇ ಮೇಜರ್ ಧ್ಯಾನ್‌ಚಂದ್.

ಧ್ಯಾನ್ ಸಿಂಗ್ ಎಂಬುದು ತಂದೆತಾಯಿ ಇಟ್ಟ ಹೆಸರು. ಜನನ ೧೯೦೫ನೆಯ ಇಸವಿ ಆಗಸ್ಟ್ ೨೯ರಂದು ಅಲಹಾಬಾದಿನಲ್ಲಿ. ತಂದೆ ಸಮೇಶ್ವರ ದತ್ತ ಸಿಂಗ್ ಬ್ರಿಟಿಷ್ ಭಾರತದ ಸೈನ್ಯದಲ್ಲಿ ಕೆಲಸದಲ್ಲಿದ್ದರು, ಹಾಕಿಯನ್ನೂ ಆಡುತ್ತಿದ್ದರು. ಸೈನಿಕರ ಸಂಸಾರವೆಂದರೆ ಊರಿಂದೂರಿಗೆ ಅಲೆಯುವ ಸಂಸಾರ. ಬಾಲಕನ ವಿದ್ಯಾಭ್ಯಾಸ ಆರು ವರ್ಷಗಳಿಗೇ ನಿಂತುಹೋಯಿತು. ಕೊನೆಗೆ ಕುಟುಂಬ ಝಾನ್ಸಿಯಲ್ಲಿ ನೆಲೆಯೂರಿತು. ಬಾಲ್ಯದಲ್ಲಿ ಈ ಹುಡುಗನಿಗೆ ಹಾಕಿಯಲ್ಲಿ ವಿಶೇಷ ಆಸಕ್ತಿಯೇನೂ ಇರಲಿಲ್ಲ; ಕುಸ್ತಿಯೆಂದರೆ ಇಷ್ಟ. ಹುಟ್ಟುತ್ತಲೇ ಕೋಲು ಹಿಡಿದು ಬಂದವರೆಂದು ಅವರನ್ನು ವರ್ಣಿಸುವವರು ಈ ಸಂಗತಿಯನ್ನು ಗಮನಿಸಬೇಕು.

೧೯೨೨ರಲ್ಲಿ ತಮ್ಮ ಹದಿನೇಳನೆಯ ಹುಟ್ಟುಹಬ್ಬದಂದು ಅವರು ಬ್ರಾಹ್ಮಣ ರೆಜಿಮೆಂಟಿನಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಅಲ್ಲಿ ಸುಬೇದಾರ್ ಮೇಜರ್ ಬಾಲೆ ತಿವಾರಿ ಎಂಬ ಹಾಕಿಪ್ರಿಯರು ಈ ತರುಣನ ಕೈಗೆ ಕೋಲು ಕೊಟ್ಟು ಆಟದ ಮೊದಲ ಪಾಠಗಳನ್ನು ಹೇಳಿಕೊಟ್ಟರು. ಚೆಂಡನ್ನು ತಾನೇ ಇಟ್ಟುಕೊಂಡು ಮೆರೆಯುವುದಕ್ಕಿಂತ ಸರಿಯಾದ ಕ್ಷಣದಲ್ಲಿ ಜೊತೆಯವನಿಗೆ ದಾಟಿಸುವುದು ದೊಡ್ಡದು ಎಂಬುದೇ ಆ ಪಾಠಗಳ ತಿರುಳು. ಹಗಲೆಲ್ಲ ಪಹರೆ, ಕವಾಯತು. ಕೆಲಸ ಮುಗಿಯುವ ಹೊತ್ತಿಗೆ ಕತ್ತಲು ಕವಿಯುತ್ತಿತ್ತು. ವಿದ್ಯುದ್ದೀಪಗಳಿಲ್ಲದ ಆ ಕಾಲದ ಮೈದಾನದಲ್ಲಿ ಈ ಸಿಪಾಯಿ ಬೆಳದಿಂಗಳಿಗಾಗಿ ಕಾದು ಅಭ್ಯಾಸ ಮಾಡುತ್ತಿದ್ದರಂತೆ. ಚಂದ್ರೋದಯವನ್ನು ಕಾಯುವವನೆಂಬ ಅರ್ಥದಲ್ಲಿ ಜೊತೆಗಾರರು ಇಟ್ಟ ಚಂದ್ ಎಂಬ ಅಡ್ಡಹೆಸರೇ ಶಾಶ್ವತವಾಗಿ ನಿಂತಿತೆಂದು ಹೇಳುತ್ತಾರೆ.

೧೯೨೬ರಲ್ಲಿ ಭಾರತೀಯ ಸೈನ್ಯದ ತಂಡ ನ್ಯೂಜಿಲೆಂಡ್ ಪ್ರವಾಸ ಕೈಗೊಂಡಿತು. ಆಡಿದ ೨೧ ಪಂದ್ಯಗಳಲ್ಲಿ ೧೮ ಗೆಲುವು, ಎರಡು ಸಮ, ಸೋಲು ಒಂದೇ. ಮರಳಿದ ಮೇಲೆ ಧ್ಯಾನ್‌ಚಂದರಿಗೆ ಲಾನ್ಸ್ ನಾಯಕ್ ಹುದ್ದೆಗೆ ಬಡ್ತಿ ದೊರೆಯಿತು. ಎರಡು ವರ್ಷಗಳ ಬಳಿಕ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿಗೆ ಭಾರತ ಪ್ರಥಮ ಬಾರಿಗೆ ಹಾಕಿ ತಂಡವನ್ನು ಕಳುಹಿಸಿತು. ನಾಯಕರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ, ಛೋಟಾನಾಗಪುರದ ಆದಿವಾಸಿ ಸಮುದಾಯದ ಜೈಪಾಲ್ ಸಿಂಗ್. ಹಡಗು ಹತ್ತುವ ಮುನ್ನ ಮುಂಬಯಿಯ ಸ್ಥಳೀಯ ತಂಡದೊಡನೆ ಆಡಿದ ಪಂದ್ಯದಲ್ಲಿ ಈ ತಂಡ ೩-೨ರಿಂದ ಸೋತಿತು. ಬೀಳ್ಕೊಡಲು ಬಂದರಿಗೆ ಬಂದವರು ಮೂವರೇ ಮೂವರು. ಅದೇ ತಂಡ ಆಮ್‌ಸ್ಟರ್‌ಡಾಮಿನಲ್ಲಿ ೨೯ ಗೋಲು ಹೊಡೆದು, ಒಂದನ್ನೂ ಬಿಟ್ಟುಕೊಡದೆ, ಮೇ ೨೬ರ ಅಂತಿಮ ಪಂದ್ಯದಲ್ಲಿ ಹಾಲೆಂಡನ್ನು ೩-೦ರಿಂದ ಮಣಿಸಿತು. ಧ್ಯಾನ್‌ಚಂದರೊಬ್ಬರದೇ ೧೪ ಗೋಲು. ಮರಳಿ ಬಂದಾಗ ಮುಂಬಯಿಯ ಬಂದರಿನಲ್ಲಿ ಜನ ಕಿಕ್ಕಿರಿದಿದ್ದರು. ಹೊರಟಾಗ ಬಂದ ಮೂವರ ನೆನಪು ಆ ಗುಂಪಿನಲ್ಲಿ ಎಷ್ಟು ಮಂದಿಗೆ ಬಂದಿತೋ!

೧೯೩೨ರ ಲಾಸ್ ಏಂಜಲೀಸ್ ಕೂಟದ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಬಂದಿದ್ದುದೇ ಮೂರು ದೇಶಗಳ ತಂಡಗಳು. ಜಪಾನಿನ ಮೇಲೆ ೧೧-೧, ಅಮೆರಿಕದ ಮೇಲೆ ೨೪-೧. ಈ ಎರಡನೆಯ ಪಂದ್ಯದಲ್ಲಿ ತಮ್ಮ ರೂಪ್ ಸಿಂಗ್ ಹತ್ತು ಗೋಲು, ಅಣ್ಣ ಧ್ಯಾನ್‌ಚಂದ್ ಎಂಟು ಗೋಲು ಹೊಡೆದರು. ೧೯೩೫ರಲ್ಲಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಪ್ರವಾಸದಲ್ಲಿ ತಂಡವು ೪೮ ಪಂದ್ಯಗಳಲ್ಲಿ ೫೮೪ ಗೋಲು ಗಳಿಸಿತು. ಅವುಗಳಲ್ಲಿ ೨೦೧ ಧ್ಯಾನ್‌ಚಂದರವು. ಹೀಗೆ ಗೆಲ್ಲುವುದೇ ಒಂದು ಅಭ್ಯಾಸವಾಗಿಬಿಟ್ಟಿತ್ತು. ಅಪಾಯ ಅಡಗಿದ್ದುದೂ ಅಲ್ಲಿಯೇ ಎಂದು ನನಗೆ ತೋರುತ್ತದೆ.

೧೯೩೬ರ ತಂಡಕ್ಕೆ ಧ್ಯಾನ್‌ಚಂದರೇ ನಾಯಕರು. ಒಲಿಂಪಿಕ್‌ನಲ್ಲಿ ಅವರಿಗೆ ನಾಯಕತ್ವ ದೊರೆತದ್ದು ಇದೇ ಮೊದಲು. ಆರು ವರ್ಷ ಮಾತ್ರ ಶಾಲೆ ಕಂಡ ಸಿಪಾಯಿಯೊಬ್ಬರಿಗೆ ಆ ಕಾಲದಲ್ಲಿ ಈ ಪದವಿ ಸುಲಭವಾಗಿ ದೊರೆಯುವಂತಹುದಲ್ಲ. ಆಯ್ಕೆಗಾಗಿ ನಡೆದ ಪ್ರಾಂತೀಯ ಪಂದ್ಯಾವಳಿಯಲ್ಲಿ ಆಡಲು ಸೈನ್ಯ ಅವರಿಗೆ ರಜೆಯನ್ನೇ ಕೊಡಲಿಲ್ಲ. ಆಡದೆಯೇ ಅವರ ಆಯ್ಕೆಯಾಯಿತು.

ಆ ತಂಡದ ಹೆಸರುಗಳನ್ನು ಓದುವಾಗ ನಮ್ಮ ಓದುಗರಿಗೆ ಒಂದು ಆಪ್ತಭಾವ ಮೂಡದಿರದು. ಗೋಲು ಕಾಯುವವರು ಮೂರು ಒಲಿಂಪಿಕ್‌ಗಳನ್ನು ಕಂಡ ರಿಚರ್ಡ್ ಆಲೆನ್. ಬ್ಯಾಕ್ ಸ್ಥಾನದಲ್ಲಿ ಕಾರ್ಲೈಲ್ ಟ್ಯಾಪ್ಸೆಲ್. ನಡುಸಾಲಿನಲ್ಲಿ ಜೋಸೆಫ್ ಗ್ಯಾಲಿಬಾರ್ಡಿ, ಅರ್ನೆಸ್ಟ್ ಗುಡ್‌ಸರ್ ಕಲೆನ್. ಜೊತೆಗೆ ಲಯೊನೆಲ್ ಎಮೆಟ್, ಹಾಗೂ ಕರಾಚಿಯಲ್ಲಿ ಬೆಳೆದ ಗೋವಾ ಮೂಲದ ಪೀಟರ್ ಫೆರ್ನಾಂಡಿಸ್. ಆಂಗ್ಲೋ ಇಂಡಿಯನ್ನರು, ಗೋವೆಯವರು, ಮುಸಲ್ಮಾನರು, ಹಿಂದೂಗಳು, ಸಿಖ್ಖರು ಎಲ್ಲರೂ ಕೂಡಿದ ತಂಡ ಅದು.

ಜೂನ್ ೧೬ರಂದು ದೆಹಲಿಯಲ್ಲಿ ಈ ತಂಡ ಮೊದಲ ಬಾರಿಗೆ ಒಂದುಗೂಡಿ ದೆಹಲಿ ಹಾಕಿ ತಂಡದೊಡನೆ ಆಡಿತು; ೪-೧ರಿಂದ ಸೋತಿತು. ಹಾಕಿಯಲ್ಲಿ ದೆಹಲಿಗೆ ಹೇಳಿಕೊಳ್ಳುವಂತಹ ಹೆಸರೇನೂ ಇರಲಿಲ್ಲ. ನಾಯಕರ ಮನಸ್ಸಿನಲ್ಲಿ ಕಳವಳದ ಬೀಜ ಬಿದ್ದದ್ದು ಅಂದೇ. ಬಳಿಕ ಬೇರೆ ಊರುಗಳಲ್ಲಿ ಆಡಿ ಗೆದ್ದರು, ಸೋಲು ಮರೆತುಹೋಯಿತು. ಜೂನ್ ೨೭ರಂದು ಹಡಗು ಹೊರಟು ಜುಲೈ ೧೦ರಂದು ಮಾರ್ಸೇಲ್ಸ್ ಮುಟ್ಟಿತು. ಅಲ್ಲಿಂದ ರೈಲಿನ ಮೂರನೆಯ ದರ್ಜೆಯ ಡಬ್ಬಿಗಳಲ್ಲಿ ಮೈಕೈ ನೋಯಿಸಿಕೊಂಡು ಜುಲೈ ೧೩ರಂದು ಬರ್ಲಿನ್ ತಲುಪಿದರು. ನಾಲ್ಕೇ ದಿನಗಳ ಬಳಿಕ ನಡೆದದ್ದು ಆ ಜರ್ಮನಿಯ ಪಂದ್ಯ. ಅಂಕಿ ಮತ್ತೆ ಅದೇ, ನಾಲ್ಕು ಮತ್ತು ಒಂದು.

ಪ್ರಯಾಣದ ಆಯಾಸ, ಹೊಸ ಹವೆ, ಅಭ್ಯಾಸದ ಪಂದ್ಯ ತಾನೇ ಎಂಬ ಉದಾಸೀನ, ಇಂತಹ ನೆಪಗಳಿಗೆ ಕೊರತೆಯಿರಲಿಲ್ಲ. ಧ್ಯಾನ್‌ಚಂದರು ಅವುಗಳ ಆಶ್ರಯ ಪಡೆಯಲಿಲ್ಲ. ಆ ರಾತ್ರಿ ತಂಡದಲ್ಲಿ ಕೆಲವರು ಊಟವನ್ನೇ ಮಾಡಲಿಲ್ಲವೆಂದೂ, ಯಾರಿಗೂ ನಿದ್ರೆ ಹತ್ತಲಿಲ್ಲವೆಂದೂ ಅವರು ಬರೆದಿದ್ದಾರೆ. ಜರ್ಮನರು ನಮಗಿಂತ ಚೆನ್ನಾಗಿ ಆಡಿದರೆಂಬುದನ್ನು ಒಪ್ಪಿಕೊಂಡ ಬಳಿಕವೇ ಮುಂದಿನ ದಾರಿ ಕಂಡಿತು.

ತೊಡಕು ಎಲ್ಲಿತ್ತೆಂಬುದನ್ನು ಆಟ ಬಲ್ಲ ನಮ್ಮ ತರುಣರು ಬೇಗ ತಿಳಿಯಬಲ್ಲರು. ಅಂದಿನ ಹಾಕಿಯಲ್ಲಿ ಮುಂಚೂಣಿಯಲ್ಲಿ ಐವರು. ನಡುವಿನ ಸೆಂಟರ್ ಫಾರ್ವರ್ಡ್ ಧ್ಯಾನ್‌ಚಂದ್. ಅವರ ಎಡಕ್ಕೆ ತಮ್ಮ ರೂಪ್ ಸಿಂಗ್. ಬಲಕ್ಕೆ ಇನ್‌ಸೈಡ್ ರೈಟ್ ಆಟಗಾರ. ಎಡಬಲದ ಈ ಇಬ್ಬರು ಹಿಂದಿನ ಸಾಲಿನಿಂದ ಚೆಂಡನ್ನು ತಂದು ನಡುವಿನವನಿಗೆ ಒದಗಿಸಬೇಕು, ಅವನಿಂದ ಪಡೆದು ಮುನ್ನುಗ್ಗಬೇಕು. ತಂಡದಲ್ಲಿದ್ದ ಮಿರ್ಜಾ ಮಸೂದರ ಆಟ ಆ ದಿನಗಳಲ್ಲಿ ಕುಂದಿತ್ತು. ಬಲಗೈ ಬತ್ತಿದರೆ ಎಡಗೈಯೊಂದರಿಂದ ಎಷ್ಟು ಎತ್ತಲಾದೀತು? ಎದುರಾಳಿಗಳು ನಡುವಿನ ಒಬ್ಬನನ್ನು ಸುತ್ತುಗಟ್ಟಿದರೆ ಸಾಕಾಗುತ್ತಿತ್ತು. ಲೋಕವೆಲ್ಲ ಮಾಂತ್ರಿಕನೆಂದು ಕೊಂಡಾಡುತ್ತಿದ್ದ ಆಟಗಾರನಿಗೂ ಬಲಗಡೆ ಒಬ್ಬ ತಕ್ಕ ಸಂಗಡಿಗ ಬೇಕಿತ್ತು. ಅದು ಬಯಲಾದದ್ದು ಜುಲೈ ೧೭ರಂದು.

ತಂಡದ ಜೊತೆ ಬಂದಿದ್ದ ವ್ಯವಸ್ಥಾಪಕ ಪಂಕಜ್ ಗುಪ್ತಾ ಅವರು ಭಾರತಕ್ಕೆ ತುರ್ತು ಸಂದೇಶ ಕಳುಹಿಸಿದರು. ಸೈನ್ಯದಲ್ಲಿದ್ದ ಅಲಿ ದಾರಾ ಎಂಬ ಆಟಗಾರರನ್ನು ಕೂಡಲೇ ವಿಮಾನದಲ್ಲಿ ಕಳುಹಿಸಬೇಕೆಂಬುದು ಬೇಡಿಕೆ. ಆ ಕಾಲದಲ್ಲಿ ವಿಮಾನಯಾನವೆಂದರೆ ಶ್ರೀಮಂತರ ವೈಭವ. ಒಬ್ಬ ಹಾಕಿ ಆಟಗಾರನಿಗಾಗಿ ಅಂತಹ ವೆಚ್ಚ ಮಾಡುವುದು ಸಣ್ಣ ಮಾತಲ್ಲ. ದಾರಾ ಆಗಸ್ಟ್ ೧೦ರಂದು ಬರ್ಲಿನ್ ಸೇರಿದರು. ಅಷ್ಟರಲ್ಲಿ ಭಾರತ ಮೂರು ಪಂದ್ಯ ಗೆದ್ದಾಗಿತ್ತು. ಆದರೂ ನಾಯಕರ ಕಣ್ಣು ಆ ಗೆಲುವುಗಳ ಮೇಲಿರಲಿಲ್ಲ. ಜರ್ಮನಿಯೂ ಬೇರೊಂದು ದಾರಿಯಿಂದ ಗೆಲ್ಲುತ್ತಲೇ ಬರುತ್ತಿತ್ತು. ಫ್ರಾನ್ಸಿನೊಡನೆ ನಡೆದ ಉಪಾಂತ್ಯದಲ್ಲಿ ದಾರಾ ಇನ್‌ಸೈಡ್ ರೈಟ್ ಆಗಿ ಇಳಿದರು. ಮುಂಚೂಣಿಯ ಸಾಲು ಒಮ್ಮೆಲೇ ಜೀವ ಪಡೆಯಿತು. ಹತ್ತು ಗೋಲುಗಳಾದವು, ನಾಲ್ಕು ನಾಯಕರವು.

ಇಲ್ಲಿ ಮಸೂದರ ವಿಷಯವಾಗಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸಾವಿರಾರು ಮೈಲಿ ಬಂದು ಅಂತಿಮ ಪಂದ್ಯವನ್ನು ಹೊರಗೆ ಕುಳಿತು ನೋಡಬೇಕಾಗಿ ಬಂದವರು ಅವರು. ಹಾಗಿದ್ದೂ ಆ ಪ್ರವಾಸದ ಪೂರ್ಣ ವೃತ್ತಾಂತವನ್ನು ಪುಸ್ತಕರೂಪದಲ್ಲಿ ಬರೆದು ಪ್ರಕಟಿಸಿದವರೂ ಅವರೇ. ಗೆದ್ದ ಹನ್ನೊಂದು ಮಂದಿಯ ಹೆಸರಿನ ಜೊತೆಗೆ ಅವರ ಹೆಸರನ್ನೂ ನೆನೆಯುವುದು ನ್ಯಾಯ.

ಅಂತಿಮ ಪಂದ್ಯ ಆಗಸ್ಟ್ ೧೪ಕ್ಕೆ ಗೊತ್ತಾಗಿತ್ತು. ಮಳೆ ಸುರಿದು ಮೈದಾನ ಕೆಸರಾದ್ದರಿಂದ ಅದು ಮರುದಿನಕ್ಕೆ ಹೋಯಿತು. ಆಗಸ್ಟ್ ೧೫. ನಮಗೆ ಅದು ಮರಿಯ ಮಾತೆಯ ಸ್ವರ್ಗಸ್ವೀಕಾರದ ಮಹೋತ್ಸವ. ದೇಶಕ್ಕೆ ಅದು ಸ್ವಾತಂತ್ರ್ಯದ ದಿನವಾಗಲು ಇನ್ನೂ ಹನ್ನೊಂದು ವರ್ಷ ಬಾಕಿಯಿತ್ತು.

ಆ ಬೆಳಿಗ್ಗೆ ಭಾರತದ ಆಟಗಾರರು ಉಡುಪು ತೊಡುವ ಕೋಣೆಯಲ್ಲಿ ಮಾತಿಲ್ಲದೆ ಕುಳಿತಿದ್ದರು. ಎಲ್ಲರ ಮನಸ್ಸಿನಲ್ಲೂ ೪-೧. ಇದುವರೆಗೆ ಅವರನ್ನು ಸೋಲಿಸಿದ ಒಂದೇ ಒಂದು ಹೊರದೇಶದ ತಂಡವನ್ನು, ಅದರ ಸ್ವಂತ ನೆಲದಲ್ಲಿ, ಅದರ ಜನರ ಆರ್ಭಟದ ನಡುವೆ, ಮತ್ತೆ ಎದುರಿಸಬೇಕಾಗಿತ್ತು. ಆಗ ಪಂಕಜ್ ಗುಪ್ತಾ ಅವರು ಕಾಂಗ್ರೆಸ್ಸಿನ ತ್ರಿವರ್ಣ ಧ್ವಜವೊಂದನ್ನು ಹೊರತೆಗೆದರು. ಆಟಗಾರರು ಒಬ್ಬೊಬ್ಬರಾಗಿ ಎದ್ದು ನಿಂತು ಅದಕ್ಕೆ ವಂದಿಸಿದರು, ಪ್ರಾರ್ಥಿಸಿದರು, ಬಳಿಕ ಮೈದಾನಕ್ಕೆ ನಡೆದರು. ಬ್ರಿಟಿಷ್ ಸೈನ್ಯದ ಸಂಬಳ ತಿನ್ನುತ್ತಿದ್ದ ಸಿಪಾಯಿಗಳೂ ಆ ಕೋಣೆಯಲ್ಲಿದ್ದರು. ಹೊರಗೆ ಭಾರತದ ಹೆಸರಿನಲ್ಲಿ ಹಾರುತ್ತಿದ್ದುದು ಬ್ರಿಟಿಷ್ ಆಡಳಿತದ ಬಾವುಟ. ಸುದ್ದಿ ಹೊರಬಿದ್ದಿದ್ದರೆ ಅವರ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ಮೊದಲರ್ಧ ಕಠಿಣವಾಗಿ ಸಾಗಿತು. ಒದ್ದೆ ನೆಲದಲ್ಲಿ ಚೆಂಡು ಓಡುತ್ತಿರಲಿಲ್ಲ. ಭಾರತದ ಆಟದ ಸೊಬಗಿರುವುದೇ ಚೆಂಡಿನ ಓಟದಲ್ಲಿ. ಜರ್ಮನರು ಚೆಂಡನ್ನು ಅಡಿಯಿಂದ ಚಿಮ್ಮಿಸಿ ಎತ್ತರಿಸಿ ಆಡಿದರು. ವಿರಾಮದ ಹೊತ್ತಿಗೆ ಭಾರತಕ್ಕೆ ದಕ್ಕಿದ್ದು ಒಂದೇ ಗೋಲು. ವಿರಾಮದ ಬಳಿಕ ಧ್ಯಾನ್‌ಚಂದರು ಮೊಳೆಯ ಬೂಟುಗಳನ್ನೂ ಕಾಲುಚೀಲಗಳನ್ನೂ ಕಳಚಿ, ರಬ್ಬರಿನ ಅಟ್ಟೆ ತೊಟ್ಟು ಮರಳಿದರು. ಬರಿಗಾಲಿನಲ್ಲೇ ಆಡಿದರೆಂದು ಹೇಳುವವರೂ ಇದ್ದಾರೆ. ಅಲ್ಲಿಂದ ಮುಂದೆ ಜರ್ಮನಿಯ ರಕ್ಷಣೆ ಕುಸಿಯಿತು. ನಾಯಕರು ಮೂರು ಗೋಲು, ದಾರಾ ಎರಡು, ರೂಪ್ ಸಿಂಗ್, ಟ್ಯಾಪ್ಸೆಲ್, ಜಾಫರ್ ಒಂದೊಂದು. ಜರ್ಮನಿಯ ಪರವಾಗಿ ಕುರ್ಟ್ ವೈಸ್ ಹೊಡೆದ ಗೋಲು ಆ ಕೂಟದಲ್ಲಿ ಭಾರತದ ವಿರುದ್ಧ ಬಿದ್ದ ಏಕಮಾತ್ರ ಗೋಲು. ಜುಲೈನಲ್ಲಿ ಬಲಗಡೆ ಕಂಡಿದ್ದ ಕೊರತೆಯನ್ನು ತುಂಬಲು ಬಂದವರೇ ಎರಡು ಬಾರಿ ಗೋಲಿನ ಹಲಗೆ ಬಡಿದರೆಂಬುದನ್ನು ಗಮನಿಸಬೇಕು.

ಈ ಪಂದ್ಯದ ಸುತ್ತ ಹಲವು ಕಥೆಗಳು ಬೆಳೆದಿವೆ. ಹಿಟ್ಲರ್ ಧ್ಯಾನ್‌ಚಂದರಿಗೆ ದೊಡ್ಡ ಸೇನಾ ಪದವಿಯ ಆಸೆ ತೋರಿಸಿದನೆಂಬ ಕಥೆ, ಅವರ ಕೋಲಿನಲ್ಲಿ ಅಯಸ್ಕಾಂತವಿದೆಯೆಂದು ಮುರಿದು ನೋಡಿದರೆಂಬ ಕಥೆ. ಸಮಾರಂಭಗಳಲ್ಲಿ ಭಾಷಣಕಾರರಿಗೆ ಇವು ಬಲು ಪ್ರಿಯ. ನಾನು ಅವನ್ನು ಅಲ್ಲಿಯೇ ಬಿಡುತ್ತೇನೆ. ದೆಹಲಿಯ ಸೋಲು, ಬರ್ಲಿನ್ನಿನ ಸೋಲು, ಊಟವಿಲ್ಲದ ಆ ರಾತ್ರಿ, ದಾರಾರಿಗಾಗಿ ಹೋದ ಸಂದೇಶ, ಇವುಗಳ ಮುಂದೆ ಅಯಸ್ಕಾಂತದ ಕಥೆ ಸಪ್ಪೆಯಾಗಿ ತೋರುತ್ತದೆ.

ಆ ಹನ್ನೊಂದು ಮಂದಿ ಮತ್ತೆಂದೂ ಒಟ್ಟಿಗೆ ಒಲಿಂಪಿಕ್ ಆಡಲಿಲ್ಲ. ಜಾಫರ್ ಮರುವರ್ಷವೇ, ೧೯೩೭ರಲ್ಲಿ, ರಾವಿ ನದಿಯಲ್ಲಿ ಮುಳುಗಿ ತೀರಿಕೊಂಡರು. ಮಹಾಯುದ್ಧ ಬಂದು ೧೯೪೦ ಮತ್ತು ೧೯೪೪ರ ಕೂಟಗಳು ರದ್ದಾದವು. ಧ್ಯಾನ್‌ಚಂದರ ಪ್ರಾಯದ ಉತ್ತಮ ವರ್ಷಗಳು ಹೀಗೆ ಕಳೆದುಹೋದವು. ಮುಂದೆ ದೇಶವೇ ಎರಡಾಯಿತು. ಬರ್ಲಿನ್ನಿನಲ್ಲಿ ಧ್ಯಾನ್‌ಚಂದರ ಬಲಭುಜವಾಗಿದ್ದ ದಾರಾ ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಪಾಕಿಸ್ತಾನದ ನಾಯಕರಾದರು. ಅದೇ ಕೂಟದಲ್ಲಿ ಸ್ವತಂತ್ರ ಭಾರತ, ಲಿಯೋ ಪಿಂಟೊ, ವಾಲ್ಟರ್ ಡಿಸೋಜ, ಮ್ಯಾಕ್ಸಿ ವಾಜ್ ಮೊದಲಾದವರಿದ್ದ ತಂಡದೊಡನೆ, ಬ್ರಿಟನ್ನನ್ನು ೪-೦ರಿಂದ ಸೋಲಿಸಿತು. ಧ್ಯಾನ್‌ಚಂದರು ಆ ತಂಡದಲ್ಲಿರಲಿಲ್ಲ. ನಲವತ್ತು ದಾಟಿದ್ದರೂ ಅದಕ್ಕೆ ಸ್ವಲ್ಪ ಮುಂಚೆ ಪೂರ್ವ ಆಫ್ರಿಕಾ ಪ್ರವಾಸದಲ್ಲಿ ತಂಡವನ್ನು ಮುನ್ನಡೆಸಿದ್ದರು. ಕಿರಿಯರಿಗೆ ಸ್ಥಳ ಬಿಟ್ಟುಕೊಡುವ ಕಾಲ ಬಂದಿತೆಂದು ಅವರೇ ಬಲ್ಲವರಾಗಿದ್ದರು.

೧೯೫೨ರಲ್ಲಿ ಮದರಾಸಿನಿಂದ ಅವರ ಆತ್ಮಕಥೆ ಪ್ರಕಟವಾಯಿತು. ಪುಸ್ತಕದ ಹೆಸರೇ ಗೋಲ್. ಅಷ್ಟು ಹೊತ್ತಿಗೆ ೧೯೩೬ರ ಗೆಲುವು ದಂತಕಥೆಯಾಗಿಬಿಟ್ಟಿತ್ತು. ದೆಹಲಿಯ ಪಂದ್ಯವನ್ನೂ ಜುಲೈ ೧೭ರ ಪಂದ್ಯವನ್ನೂ ಬಿಟ್ಟು ಬರೆದಿದ್ದರೆ ಕೇಳುವವರು ಯಾರಿದ್ದರು? ಅವೆರಡೂ ಒಲಿಂಪಿಕ್ ದಾಖಲೆಗೆ ಸೇರದ ಪಂದ್ಯಗಳು. ಅವರು ಬಿಡಲಿಲ್ಲ. ದೆಹಲಿಯವರು ಅಂದು ತಮ್ಮನ್ನು ಪೂರ್ತಿಯಾಗಿ ಮೀರಿಸಿ ಆಡಿದರೆಂದು ಸ್ಪಷ್ಟವಾಗಿ ಬರೆದರು. ತಾನು ಅತಿ ಸಾಮಾನ್ಯ ಮನುಷ್ಯನೆಂಬ ಮಾತಿನಿಂದಲೇ ಅವರ ವಿನಯ ಅಲ್ಲಿ ಕಾಣುತ್ತದೆ. ಗೆದ್ದವರು ಬರೆದ ಎಷ್ಟೋ ಆತ್ಮಕಥೆಗಳನ್ನು ಓದಿದ್ದೇನೆ. ಇಂತಹ ಲೆಕ್ಕ ಒಪ್ಪಿಸುವವರು ವಿರಳ.

೧೯೫೬ರಲ್ಲಿ ಅವರು ಮೇಜರ್ ಹುದ್ದೆಯಲ್ಲಿ ಸೈನ್ಯದಿಂದ ನಿವೃತ್ತರಾದರು. ಅದೇ ವರ್ಷ ಪದ್ಮಭೂಷಣ ಪ್ರಶಸ್ತಿ ಬಂದಿತು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕೆಲಕಾಲ ತರಬೇತಿ ನೀಡಿ, ಕೊನೆಗೆ ಪತ್ನಿ ಜಾನಕೀದೇವಿಯವರೊಡನೆ ಝಾನ್ಸಿಗೆ ಮರಳಿದರು. ಏಳು ಗಂಡುಮಕ್ಕಳ ಸಂಸಾರ. ೧೯೬೦ರ ರೋಮ್ ಕೂಟದಲ್ಲಿ ಪಾಕಿಸ್ತಾನದೆದುರು ಒಂದು ಗೋಲಿನಿಂದ ಭಾರತ ಚಿನ್ನ ಕಳೆದುಕೊಂಡದ್ದನ್ನು ಅವರು ಕಂಡರು. ೧೯೭೫ರಲ್ಲಿ ಕೌಲಾಲಂಪುರದ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಮಗ ಅಶೋಕ್ ಕುಮಾರರ ಗೋಲಿನಿಂದ ಭಾರತ ಅದೇ ಪಾಕಿಸ್ತಾನವನ್ನು ೨-೧ರಿಂದ ಗೆದ್ದದ್ದನ್ನೂ ಕಂಡರು. ನಮ್ಮ ಕೊಡಗಿನ ಬಿ. ಪಿ. ಗೋವಿಂದ ಆ ತಂಡದಲ್ಲಿದ್ದರು. ಆಗ ಶಾಲಾ ಬಾಲಕನಾಗಿದ್ದ ನಾನು ರೇಡಿಯೋದ ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದದ್ದು ಇಂದಿಗೂ ನೆನಪಿದೆ. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಹಾಕಿ ನಡೆಯಿತು; ಭಾರತ ಏಳನೆಯ ಸ್ಥಾನಕ್ಕಿಳಿಯಿತು. ಮಣ್ಣುಹುಲ್ಲಿನ ನೆಲದಲ್ಲಿ ಚೆಂಡನ್ನು ಕೋಲಿಗಂಟಿಸಿಕೊಂಡು ಓಡಿದ ವೃದ್ಧರಿಗೆ ಆ ಸುದ್ದಿ ಹೇಗೆ ತಟ್ಟಿರಬಹುದು!

ಅವರ ಕೊನೆಯ ವರ್ಷಗಳು ಹಣದ ಮುಗ್ಗಟ್ಟಿನಲ್ಲಿ ಕಳೆದವು. ಈ ಮಾತನ್ನು ಬರೆಯುವಾಗ ಮನಸ್ಸು ಕುಗ್ಗುತ್ತದೆ. ಯಕೃತ್ತಿನ ಕ್ಯಾನ್ಸರಿನಿಂದ ಬಳಲುತ್ತ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸಾಮಾನ್ಯ ವಾರ್ಡಿನಲ್ಲಿ ಮಲಗಿದ್ದ ಅವರು ೧೯೭೯ರ ಡಿಸೆಂಬರ್ ೩ರಂದು, ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬದ ದಿನ, ಕಣ್ಣುಮುಚ್ಚಿದರು. ಗೌರವಗಳು ತಡವಾಗಿ, ಒಂದರ ಹಿಂದೊಂದು ಬಂದವು. ೧೯೮೦ರಲ್ಲಿ ಅಂಚೆಚೀಟಿ, ಬಳಿಕ ಅವರ ಹುಟ್ಟುಹಬ್ಬ ರಾಷ್ಟ್ರೀಯ ಕ್ರೀಡಾ ದಿನವಾಯಿತು, ೨೦೦೨ರಲ್ಲಿ ದೆಹಲಿಯ ರಾಷ್ಟ್ರೀಯ ಕ್ರೀಡಾಂಗಣಕ್ಕೂ, ೨೦೨೧ರಲ್ಲಿ ದೇಶದ ಅತ್ಯುನ್ನತ ಕ್ರೀಡಾ ಪ್ರಶಸ್ತಿಗೂ ಅವರ ಹೆಸರಿಡಲಾಯಿತು. ಭಾರತರತ್ನ ೨೦೧೪ರಲ್ಲಿ ಮೊದಲ ಬಾರಿಗೆ ಕ್ರೀಡಾಪಟುವೊಬ್ಬರಿಗೆ ಸಂದಾಗ ಅದು ಕ್ರಿಕೆಟಿಗರ ಪಾಲಾಯಿತು.

ಅವರ ಪಾರ್ಥಿವ ಶರೀರವನ್ನು ದೆಹಲಿಯಿಂದ ಝಾನ್ಸಿಗೆ ತಂದರು. ಅಂತ್ಯಕ್ರಿಯೆ ನಡೆದದ್ದು ಸ್ಮಶಾನದಲ್ಲಲ್ಲ. ಆ ಊರಿನ ಹೀರೋಸ್ ಮೈದಾನದಲ್ಲಿ, ಹಾಕಿ ಆಡುವ ನೆಲದ ಮೇಲೆಯೇ, ಚಿತೆಯನ್ನು ಸಿದ್ಧಗೊಳಿಸಲಾಯಿತು.